ನಷ್ಟ ಕಮ್ಮಿಯಾದರೂ ಒಪ್ಪದವಳು

ಆಫೀಸಿನಲ್ಲಿ ಅವಳಿಗೆ ನಷ್ಟದಮ್ಮ ಎಂದೇ ಹೆಸರು. ಗಾಜಿನೆಳೆಯ ಕೇಬಲ್ಲಿನಲ್ಲಿ ಬೆಳಕು ಹೋಗುತ್ತಾ ಹೋಗುತ್ತಾ ಮಂಕಾಗುತ್ತದೆ. ದೂರಕ್ಕಿಷ್ಟು, ಪ್ರತಿ ಜೋಡಣೆಗಿಷ್ಟು. ಆ ತುದಿಯ ಯಂತ್ರಕ್ಕೆ ಕಾಣುವಷ್ಟಾದರೂ ಉಳಿಯಬೇಕಾದರೆ ದಾರಿಯಲ್ಲಿ ಎಷ್ಟು ಕಳೆದುಕೊಳ್ಳಬಹುದು ಎಂದು, ನೆಲ ಅಗೆಯುವ ಮುಂಚೆಯೇ ಮಿತಿ ಹಾಕುವುದು ಅವಳ ಕೆಲಸ. "ನಮ್ಮ ಹುಡುಗಿ ನಷ್ಟ ಮಾಡೋಕೇ ಸಂಬಳ ತಗೋತಾಳೆ" ಎಂದು ಅವಳ ಅತ್ತೆ ಬಂದವರ ಮುಂದೆಲ್ಲ ಹೇಳಿ ನಗುವುದುಂಟು. ಸೊಸೆಯ ಮೇಲಿನ ಹೆಮ್ಮೆಯನ್ನು ಅತ್ತೆಯಾದವಳು ಇನ್ನು ಹೇಗೆ ಹೇಳಿಯಾಳು?

ಆಂಬುಲೆನ್ಸ್ ಕರೆಗಳ ಕೇಂದ್ರಕ್ಕೆ ಎರಡನೇ ಕೇಬಲ್ ಎಳೆಯುವ ಕೆಲಸ ಬಂತು. ಮೊದಲನೆಯದು ಮಾರ್ಕೆಟ್ ರಸ್ತೆಯಲ್ಲಿ ನೆಟ್ಟಗೆ ಹೋಗಿತ್ತು. ಅದು ಕಡಿದರೂ ಕರೆ ನಿಲ್ಲಬಾರದೆಂದು ಎರಡನೆಯದನ್ನು ಅವಳು ನಕ್ಷೆಯಲ್ಲಿ ಕೆರೆಯ ಆಚೆ ಬದಿಯಿಂದ ಸುತ್ತಿಸಿದ್ದಳು. ಬೆಳಕಿನ ನಷ್ಟವನ್ನೂ ಡೆಸಿಬೆಲ್ಲಿನಲ್ಲೇ ಅಳೆಯುತ್ತಾರೆ; ಅದು ಎಂಟು ಮೀರಬಾರದು. ಅವಳ ಲೆಕ್ಕಕ್ಕೆ ಆರು ಬರಬೇಕು. ಎಳೆಯುವ ಗುತ್ತಿಗೆ ಸಿಕ್ಕಿದ್ದು ಅವಳ ಸ್ವಂತ ತಮ್ಮನಿಗೆ.

ಕೆಲಸ ಮುಗಿದ ದಿನ ತಮ್ಮ ಮೀಟರ್ ಹಿಡಿದು ಕುಣಿಯುತ್ತಾ ಬಂದ.

"ಅಕ್ಕಾ, ನೋಡು! ಎರಡೇ ಡೆಸಿಬೆಲ್!"

ಸುತ್ತ ಇದ್ದವರು ಭೇಷ್ ಅಂದರು. ಅವಳು ಮಾತ್ರ ಹುಬ್ಬು ಗಂಟಿಕ್ಕಿ, ಅವನನ್ನು ಮೆಟ್ಟಿಲ ಬಳಿಗೆ ಎಳೆದೊಯ್ದಳು.

"ಕೆಲಸ ಸರಿಯಾಗಿದೆ ಅಂತ ನಾನು ಸಹಿ ಹಾಕಲ್ಲ."

"ನಷ್ಟ ಜಾಸ್ತಿಯಾದ್ರೆ ಎಲ್ಲರೂ ಬೈತಾರೆ. ನೀನು ಕಮ್ಮಿಯಾದ್ರೂ ಬೈತೀಯಲ್ಲ!"

"ಕೆರೆ ಸುತ್ತಿ ಬಂದವನಿಗೆ ಸುಸ್ತಾಗಿರಬೇಕು ಕಣೋ. ಇದು ಪಕ್ಕದ ಮನೆಯಿಂದ ಬಂದ ಹಾಗಿದೆ. ನಿಜ ಹೇಳು, ಮಾರ್ಕೆಟ್ ರಸ್ತೆಯ ಹಳೇ ಕೇಬಲ್ ಪೈಪಲ್ಲೇ ತೂರಿಸಿದ್ದೀಯಲ್ವಾ?"

ತಮ್ಮ ತಲೆ ತಗ್ಗಿಸಿದ. ಕೆರೆಯ ಬದಿಯಲ್ಲಿ ಬರೀ ಬಂಡೆಯಂತೆ.

"ಒಂದು ಗುದ್ದಲಿ ಏಟಿಗೆ ಎರಡೂ ಹೋಗುತ್ತೆ. ಆಗ ಆಂಬುಲೆನ್ಸಿಗೆ ಫೋನ್ ಮಾಡಿದವರ ಗತಿ?"

"ಯಾರಿಗೂ ಗೊತ್ತಾಗಲ್ಲ. ನಿನ್ನ ತಮ್ಮ ಅಲ್ವಾ ನಾನು?"

"ಅದಕ್ಕೇ ಎಲ್ಲರ ಮುಂದೆ ಕೇಳಲಿಲ್ಲ. ಕಿತ್ತು ಸುತ್ತಿಸು."

ಅವನು ಮುಖ ಊದಿಸಿಕೊಂಡು ಹೋದ. ಬಂಡೆ ಒಡೆಸಿದಷ್ಟು ದಿನವೂ ಅಕ್ಕನ ಫೋನ್ ಎತ್ತಲಿಲ್ಲ. ಅವಳಿಗೆ ಊಟ ಸೇರುತ್ತಿರಲಿಲ್ಲ. ಒಡಹುಟ್ಟಿದವನನ್ನೇ ಕಳೆದುಕೊಂಡೆನೇನೋ ಎಂಬ ಸಂಕಟ. ಹಾಗೆಂದು ಸಹಿಯ ವಿಷಯದಲ್ಲಿ ಒಂದಿಂಚೂ ಜಗ್ಗಲಿಲ್ಲ. ಅಂಥ ಹೆಣ್ಣಿಗೆ ಕೈ ಮುಗಿಯದೆ ಇನ್ನೇನು ಮಾಡುವುದು!

ಮತ್ತೆ ಅಳೆದಾಗ ಐದೂಮುಕ್ಕಾಲು ಬಂತು. ಅವಳು ಸಹಿ ಹಾಕಿದಳು. ತಮ್ಮ ದೂರದಲ್ಲೇ ನಿಂತಿದ್ದ.

"ಇಷ್ಟು ತಡ ಯಾಕಾಯ್ತು?" ಕೇಂದ್ರದ ಮೇಲ್ವಿಚಾರಕಿ ಕೇಳಿದರು.

"ಬಂಡೆ ಅಡ್ಡ ಬಂತು ಮೇಡಂ" ಎಂದಳು ಅಕ್ಕ, ತಮ್ಮನ ಮಾನ ಉಳಿಸಲು.

"ಬಂಡೆ ಅಲ್ಲ ಮೇಡಂ," ಹಿಂದಿನಿಂದ ಅವನ ದನಿ ಬಂತು. "ನಾನೇ ಅಡ್ಡದಾರಿ ಹಿಡಿದಿದ್ದೆ. ನಮ್ಮಕ್ಕ ಬಿಡಲಿಲ್ಲ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.