ಮಡಿಸಿ, ಬಿಡಿಸಿ

ನನ್ನ ಕೆಲಸ ಏನೆಂದು ಹೇಳಿದರೆ ಮನೆಯವರೇ ನಗುತ್ತಾರೆ. ಹೊಲಿಗೆ ಪಾಠದ ವಿಡಿಯೋ ಮಾಡುವ ಸಣ್ಣ ಕಂಪನಿಯೊಂದಕ್ಕೆ, ನೋಡುವವರ ಕಣ್ಣಿಗೆ ಚಿತ್ರ ಹೇಗೆ ಕಾಣುತ್ತದೆ ಎಂದು ಅಳೆದು ಕೊಡುವವಳು ನಾನು. ಮನೆಮನೆಗೆ ಹೋಗಿ ಅರ್ಧ ಪಾಠ ಮೊಬೈಲಿನಲ್ಲಿ ತೋರಿಸಬೇಕು, ಉಳಿದರ್ಧ ಅವರದೇ ಟಿವಿಯಲ್ಲಿ. ಆಮೇಲೆ ಐದಕ್ಕೆ ಎಷ್ಟು ಮಾರ್ಕ್ಸ್ ಎಂದು ಕೇಳಬೇಕು.

ಕೊಪ್ಪದಲ್ಲಿ ಕೇಳಿದೆ, ಶೆಟ್ಟಿಕೊಪ್ಪದಲ್ಲಿ ಕೇಳಿದೆ. ಎಲ್ಲರದೂ ಒಂದೇ ಉತ್ತರ: "ಅಡ್ಡಿಲ್ಲ." ಕೊಪ್ಪದಲ್ಲೇ ಹುಟ್ಟಿ ಬೆಳೆದರೂ ನನಗೆ ಬುದ್ಧಿ ಬರಲಿಲ್ಲ. ನೆಂಟರ ಮನೆಯ ಊಟ ಚೆನ್ನಾಗಿದ್ದರೂ ಅಡ್ಡಿಲ್ಲ, ಸಾರಿಗೆ ಉಪ್ಪು ಮರೆತಿದ್ದರೂ ಅಡ್ಡಿಲ್ಲ ಎನ್ನುವ ಜನ ನಾವು. ನಾನು ಕಣ್ಣು ಮುಚ್ಚಿ ಎಲ್ಲರ ಹೆಸರಿನ ಮುಂದೆ ನಾಲ್ಕು ಬರೆದೆ. ಆಫೀಸಿನವರಿಗೆ ಖುಷಿಯೋ ಖುಷಿ. ಹಾಗಾದರೆ ಆ ಕಡೆಗೆ ಇನ್ನೂ ಕಡಿಮೆ ದರ್ಜೆಯ ಚಿತ್ರವೇ ಸಾಕು, ಖರ್ಚೂ ಉಳಿಯುತ್ತದೆ, ಮುಂದಿನ ತಿಂಗಳಿಂದ ಇಳಿಸಿಬಿಡೋಣ ಎಂದರು.

ಉಳಿದಿದ್ದದ್ದು ಸೀತೂರಿನ ಒಂದು ಮನೆ. ಅಲ್ಲಿಯ ಅಕ್ಕ ಬ್ಲೌಸ್ ಹೊಲಿಯುವವರು. ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋಗಿದೆ. ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಪಾಠಕ್ಕೆ ಅಡಿಬರಹವಿಲ್ಲ, ಅದನ್ನೂ ಟೀಚರ ತುಟಿ ನೋಡಿಯೇ ಕಲಿಯುತ್ತಿದ್ದರು. ಮುಗಿದ ಮೇಲೆ ಎರಡು ಬೆರಳು ಎತ್ತಿದರು. ಎರಡೇ! ನನಗೆ ಸಿಟ್ಟೇ ಬಂತು. ಕಾಫಿ ಕೊಟ್ಟ ಕೈಯಲ್ಲೇ ಎರಡು ಮಾರ್ಕ್ಸ್ ಕೊಡುವವರನ್ನು ನಮ್ಮ ಕಡೆ ನಾನು ಕಂಡಿರಲಿಲ್ಲ.

ಅಕ್ಕ ಕಪಾಟಿನಿಂದ ಗಿರಾಕಿಯ ರೇಷ್ಮೆ ಬಟ್ಟೆ ತಂದು ಹರಡಿದರು. ತಪ್ಪು ಜಾಗದಲ್ಲಿ ಕತ್ತರಿ ಬಿದ್ದಿತ್ತು.

"ನೋಡು ಮಾರಾಯ್ತಿ, ಹೋದ ವಾರ ಇದೇ ಪಾಠದಲ್ಲಿ ಟೀಚರು ಮಡಿಸಿ ಅಂದಿದ್ದು, ನಾ ಬಿಡಿಸಿ ಅಂದ್ಕಂಡೆ. ಮ, ಬ ಎರಡೂ ತುಟೀಲಿ ಒಂದೇ. ಆಮೇಲೆ ಬಾಯಿ ಎಷ್ಟು ತೆರೀತಾರೆ, ಅದ್ರಲ್ಲೇ ಗೊತ್ತಾಗೋದು. ಟಿವಿಗೆ ಹಾಕಿದ ಕೂಡ್ಲೇ ಸ್ವಲ್ಪ ಹೊತ್ತು ಮುಖವೇ ಮಸುಕು."

ಚಿತ್ರವನ್ನು ಇನ್ನೂ ಇಳಿಸುತ್ತಾರಂತೆ ಎಂದೆ.

"ಹಾಗಾದ್ರೆ ನಾ ಕಲ್ತ ಹಾಗೇ!" ಎಂದು ಬಟ್ಟೆ ಸುತ್ತಿಟ್ಟರು.

ಟಿವಿಯ ಧ್ವನಿ ಪೂರ್ತಿ ತೆಗೆದು ಆ ತುಣುಕನ್ನು ನಾನೇ ನೋಡಿದೆ. ಒಂದಕ್ಷರ ತಿಳಿಯಲಿಲ್ಲ. ಅಳೆಯುವುದೇ ಕೆಲಸವಾದ ನನಗೆ ಕಾಣದ ದೋಷ ಅವರಿಗೆ ಕಂಡಿತ್ತು. ಎಂಥ ಕಣ್ಣಪ್ಪಾ ಅನಿಸಿತು. ನನ್ನ ನಾಲ್ಕುಗಳ ಬಗ್ಗೆ ನಾಚಿಕೆಯಾಯಿತು.

ಅವನ್ನೆಲ್ಲ ಹೊಡೆದುಹಾಕಿದೆ. ಆಫೀಸಿನ ಮೀಟಿಂಗಿನಲ್ಲಿ ಅದೇ ತುಣುಕನ್ನು ಧ್ವನಿಯಿಲ್ಲದೆ ಹಾಕಿ, "ಮಡಿಸಬೇಕೋ, ಬಿಡಿಸಬೇಕೋ ಹೇಳಿ" ಎಂದೆ. ಅರ್ಧ ಜನ ಮಡಿಸಬೇಕು ಎಂದರು, ಅರ್ಧ ಜನ ಬಿಡಿಸಬೇಕು ಎಂದರು. ಚಿತ್ರ ಇಳಿಸುವ ಮಾತು ಅಲ್ಲಿಗೇ ನಿಂತಿತು. ಟಿವಿಗೆ ಬದಲಾಯಿಸಿದಾಗ ಮುಖ ತಿಳಿಯಾಗುವವರೆಗೆ ಪಾಠವೇ ಕಾಯುವಂತೆ ಮಾಡಿದರು.

ಅದನ್ನು ತೋರಿಸಲು ನರಸಿಂಹರಾಜಪುರಕ್ಕೆ ಬಂದು ಅಲ್ಲಿಂದ ಸೀತೂರಿಗೆ ಹೋದೆ. ಅಕ್ಕನ ಮುಂದೆ ಇನ್ನೊಂದು ರೇಷ್ಮೆ ಬಟ್ಟೆ ಇತ್ತು, ಅದೇ ಗಿರಾಕಿ ನಂಬಿ ಮತ್ತೆ ಕೊಟ್ಟದ್ದು. ಅದೇ ಪಾಠವನ್ನು ಮೊಬೈಲಿನಿಂದ ಟಿವಿಗೆ ಹಾಕಿ ಟೀಚರ ಬಾಯನ್ನೇ ನೋಡಿದರು. ಅವರು ನನ್ನನ್ನು ಏನೂ ಕೇಳಲಿಲ್ಲ. ಬಟ್ಟೆ ಮಡಿಸಿದರು, ಕತ್ತರಿ ಹಾಕಿದರು.