ಮುಗಿದದ್ದು ಮಾತ್ರ ಲೆಕ್ಕ

ಆಗೆಲ್ಲ ವರ್ಷದ ಕೊನೆ ಬಂತೆಂದು ನಮಗೆ ತಿಳಿಸುತ್ತಿದ್ದದ್ದು ಅವರೆಕಾಯಿಯ ಸೊಗಡು. ಚಿನ್ನದ ಗಣಿಯ ಕೆಲಸದವರಿಗೆಂದು ಕಟ್ಟಿದ ಕೋರಮಂಡಲ್‌ನ ಲೈನ್ ಮನೆಗಳೆಂದರೆ ಗೋಡೆಗೆ ಗೋಡೆ ಅಂಟಿಕೊಂಡವು. ಒಬ್ಬರ ಮನೆಯ ಒಗ್ಗರಣೆಗೆ ಆಚೆ ಮನೆಯವರು ಸೀನುತ್ತಿದ್ದರು. ಡಿಸೆಂಬರಿನಲ್ಲಂತೂ ಬೀದಿಗೆ ಬೀದಿಯೇ ಅವರೆಕಾಯಿ ವಾಸನೆ. ಆ ಕಡೆ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ ಈಗಲೇ ಕೈ ಮೂಸಿ ನೋಡಿಕೊಂಡಿರುತ್ತೀರಿ, ನನಗೆ ಗೊತ್ತು. ಸೋಪು ಹಾಕಿ ಉಜ್ಜಿದರೂ ಹೋಗದ ವಾಸನೆ ಅದು.

ವರ್ಷದ ಕೊನೆಯ ದಿನ ಅಮ್ಮ ಬೆಳಿಗ್ಗೆಯೇ ಕಾಳು ನೆನೆಹಾಕುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅಪ್ಪ, ಅಮ್ಮ, ಪದ್ಮಕ್ಕ, ನಾನು, ನಾಲ್ಕೂ ಜನ ಬೋಗುಣಿಯ ಸುತ್ತ ಕೂತು ಹಿತುಕಬೇಕು. ಹೆಬ್ಬೆರಳು ತೋರುಬೆರಳ ನಡುವೆ ಕಾಳಿಟ್ಟು ಮೆಲ್ಲಗೆ ಅದುಮಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಆಚೆ ಹಾರುತ್ತದೆ. ಅದನ್ನು ಬೋಗುಣಿಗೆ ಹಾರಿಸುವ ಬದಲು ಒಬ್ಬರ ಮೂಗಿಗೆ ಒಬ್ಬರು ಹಾರಿಸುವುದೇ ನಮಗೆ ಆಟ. "ಲೇ, ಸಾರಿಗೆ ಒಸಿ ಉಳೀಲಿ" ಅಂತ ಅಮ್ಮ ಗದರುತ್ತಿದ್ದಳು. ಅವಳು ಗದರಿ ಮುಗಿಸುವುದರೊಳಗೆ ಅಪ್ಪನೇ ಅವಳ ಕೆನ್ನೆಗೊಂದು ಹಾರಿಸಿರುತ್ತಿದ್ದ.

ಹಾಗೆ ಹಿತುಕುತ್ತಾ ಕೂತಾಗ ಒಬ್ಬೊಬ್ಬರೂ ಆ ವರ್ಷ ತಾವು ನೋಡಿದ್ದರಲ್ಲಿ, ಓದಿದ್ದರಲ್ಲಿ ಯಾವುದು ಚೆಂದ ಅಂತ ಹೇಳಬೇಕಿತ್ತು. ಇದು ಪದ್ಮಕ್ಕ ತಂದ ಪದ್ಧತಿ. ಅವಳು ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಓದಿನ ಹುಚ್ಚಿ. ರಾಬರ್ಟ್‌ಸನ್‌ಪೇಟೆಯಿಂದ ಬೆಲ್ಲ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡಿಸಿ, ನೆಕ್ಕಿ, ಆಮೇಲೆ ಓದುತ್ತಿದ್ದಳು. ಯಾರು ಚೆನ್ನಾಗಿ ಹೇಳಿದರೋ ಅವರ ಮುದ್ದೆಗೆ ಮೊದಲ ಸೌಟು ಸಾರು. ತೀರ್ಪು ಕೊಡುವವಳೂ ಪದ್ಮಕ್ಕನೇ. ಅದೇನು ನ್ಯಾಯವೋ, ಎಷ್ಟೋ ಸಲ ಮೊದಲ ಸೌಟು ಅವಳಿಗೇ ಬೀಳುತ್ತಿತ್ತು.

ಈ ಆಟಕ್ಕೊಂದು ಕಾಯಿದೆ ಇತ್ತು. ಅದು ಹುಟ್ಟಿದ್ದು ಅಪ್ಪನ ದೆಸೆಯಿಂದ. ಅಪ್ಪ ಗಣಿಯೊಳಗೆ ಇಳಿದು ದುಡಿಯುವವನು. ಪಾಳಿ ಮುಗಿಸಿಕೊಂಡು ನಮ್ಮನ್ನು ಸಿನಿಮಾಕ್ಕೆ ಕರೆದುಕೊಂಡು ಹೋದರೆ ಇಂಟರ್ವಲ್ಲಿಗೆ ಮುಂಚೆಯೇ ಗೊರಕೆ. ಒಂದು ವರ್ಷ ಅವನು ಭಾರಿ ಗತ್ತಿನಲ್ಲಿ, "ಆ ಪಿಚ್ಚರ್ ಚೆಂದ ಕಣ್ಲೇ. ಆ ಉಡುಗಿ ಅವರಪ್ಪನ ಮನೆ ಬಿಟ್ಟು ಓಗ್ತಾಳಲ್ಲ, ಅದು" ಅಂದ.

"ಆಮ್ಯಾಕೆ ಏನಾಯ್ತು ಏಳು?" ಅಂದಳು ಪದ್ಮಕ್ಕ.

"ಆಮ್ಯಾಕೆ ಏನು, ಓಗ್ತಾಳೆ. ಓಗಿ..." ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಬೇಕೆಂದೇ ಬಾಯಿ ಬಿಡಲಿಲ್ಲ.

"ಅರ್ಧ ನೋಡಿದ್ದು ನಡಿಯಲ್ಲಪ್ಪ. ಮುಗ್ದಿದ್ದು ಮಾತ್ರ ಲೆಕ್ಕ" ಅಂತ ಪದ್ಮಕ್ಕ ತೀರ್ಪು ಕೊಟ್ಟಳು. ಅಂದಿನಿಂದ ಅದೇ ಶಾಸನ. ಇನ್ನೂ ಓಡುತ್ತಿರುವ ಧಾರಾವಾಹಿ ಲೆಕ್ಕಕ್ಕಿಲ್ಲ, ಅರ್ಧ ಓದಿದ ಪುಸ್ತಕ ಲೆಕ್ಕಕ್ಕಿಲ್ಲ.

ಇದರಿಂದ ಕಷ್ಟವಾದದ್ದು ಅಮ್ಮನಿಗೆ. ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. ಪಕ್ಕದ ರೋಸಿ ಅಕ್ಕನ ಮನೆಯಲ್ಲಿತ್ತು, ಅಲ್ಲಿ ಹಾಕುತ್ತಿದ್ದದ್ದು ತಮಿಳು ಧಾರಾವಾಹಿ. ಅಮ್ಮ ಬೇತಮಂಗಲದ ಹತ್ತಿರದ ಹಳ್ಳಿಯವಳು. ಕನ್ನಡ, ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು, ತಮಿಳು ಮಾತ್ರ ಅರೆಬರೆ. ಪದ್ಮಕ್ಕ ಅವಳ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ರೋಸಿ ಅಕ್ಕ "ಅಯ್ಯೋ ಪಾವಂ" ಅಂತ ಕಣ್ಣೊರೆಸಿಕೊಂಡು ಮುಗಿಸಿದ ಮೇಲೆ ಅಮ್ಮ ಅಳಲು ಶುರುಮಾಡುತ್ತಿದ್ದಳು. ಆ ಧಾರಾವಾಹಿಗೆ ಮುಗಿಯುವ ಲಕ್ಷಣವೇ ಇರಲಿಲ್ಲ. "ಆ ಅತ್ತೆ ಸಾಯೋದ್ಯಾವಾಗ, ನಾನು ಕಥೆ ಏಳೋದ್ಯಾವಾಗ" ಅಂತ ಅಮ್ಮ ವರ್ಷವರ್ಷವೂ ಗೊಣಗುತ್ತಿದ್ದಳು.

ಗಣಿ ಮುಚ್ಚಿದ ವರ್ಷ ನನಗೆ ಹತ್ತು. ಮಕ್ಕಳಾದ ನಮಗೆ ಮೊದಲು ತಿಳಿದದ್ದು ಸಂಗು ನಿಂತಿತು ಅನ್ನುವುದು. ಪಾಳಿ ಬದಲಾಗುವಾಗ ಕೂಗುತ್ತಿದ್ದ ಗಣಿಯ ಸೈರನ್ನಿಗೆ ನಾವು ಸಂಗು ಅನ್ನುತ್ತಿದ್ದೆವು. ಅದನ್ನು ಕೇಳಿಯೇ ಅಮ್ಮ ಒಲೆ ಹಚ್ಚುತ್ತಿದ್ದಳು. ಅದು ನಿಂತ ಮೇಲೆ ಎಷ್ಟೋ ದಿನ ನಮ್ಮ ಮನೆಯ ಅಡುಗೆ ಹೊತ್ತು ತಪ್ಪಿತು. ಅಪ್ಪ ಬೆಳಗಿನ ರೈಲು ಹತ್ತಿ ಬಂಗಾರಪೇಟೆಗೆ ಮೂಟೆ ಹೊರಲು ಹೋಗತೊಡಗಿದ. ಕೆಲಸ ಸಿಕ್ಕಿದರೆ ಸಂಜೆ ಬರುತ್ತಿದ್ದ, ಸಿಗದಿದ್ದರೆ ಮಧ್ಯಾಹ್ನವೇ ಬಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಕೇಳಿದವರಿಗೆಲ್ಲ ಅವನದು ಒಂದೇ ಮಾತು: "ಮುಚ್ಚಿಲ್ಲ, ನಿಲ್ಸವ್ರೆ ಅಷ್ಟೇ. ತಿರ್ಗಾ ತೆಗೀತಾರೆ."

ಆ ಚಳಿಗಾಲದಲ್ಲಿ ಪದ್ಮಕ್ಕ ಸ್ಕೂಲಿನಿಂದ ಒಂದು ದಪ್ಪ ಕಾದಂಬರಿ ತಂದಿದ್ದಳು. ಅವಳಾಗ ಒಂಬತ್ತನೇ ಕ್ಲಾಸು. ಕನ್ನಡ ಮೇಡಂ ಅವಳಿಗೊಬ್ಬಳಿಗೇ ಅಂತ ಬೀರುವಿನಿಂದ ತೆಗೆದುಕೊಟ್ಟದ್ದು. ಬಯಲುಸೀಮೆಯ ಒಂದು ಮನೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಸಮುದ್ರ ನೋಡಲು ಹೊರಡುವ ಕಥೆ. ಊಟಕ್ಕೆ ಕೂತಾಗ ಅವಳು ಅಂದು ಓದಿದಷ್ಟನ್ನು ಹೇಳುತ್ತಿದ್ದಳು. ಗಾಡಿಯ ಅಚ್ಚು ಮುರಿಯಿತು. ಅಜ್ಜಿಗೆ ಜ್ವರ ಬಂತು. ಕಾಡಿನಲ್ಲಿ ದಾರಿ ತಪ್ಪಿತು. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ, ನಮಗೆ ದೊಡ್ಡ ನೀರು ಅಂದರೆ ಬೇತಮಂಗಲದ ಕೆರೆ. ಗೋಡೆ ಕಡೆ ಮಲಗಿದ ಅಪ್ಪ ಕೂಡ ಈ ಕಥೆಗೆ ಈಚೆ ಹೊರಳುತ್ತಿದ್ದ.

"ಘಾಟಿ ಇಳಿದ್ರಾ?" ಅನ್ನುತ್ತಿದ್ದ.

"ಇನ್ನಾ ಇಲ್ಲಪ್ಪ."

"ಎತ್ತಿಗೆ ನೀರು ಕುಡ್ಸುದ್ರಾ, ಇಲ್ವಾ? ಪಾಪ, ಅವಕ್ಕೆ ಯಾವ ಸಮುದ್ರ!"

ಆ ವರ್ಷದ ಕೊನೆಯ ಸಂಜೆಯೂ ಕಾಳು ಹಿತುಕಲು ಕೂತೆವು. ಕಾಳು ಸ್ವಲ್ಪವೇ ಇತ್ತು, ಅಮ್ಮನ ತಮ್ಮ ಊರಿಂದ ತಂದುಕೊಟ್ಟದ್ದು. ಯಾರ ಮೂಗಿಗೂ ಯಾರೂ ಹಾರಿಸಲಿಲ್ಲ. ನಾನೇ ಶುರುಮಾಡಿ, ಪಾಠದ ಪುಸ್ತಕದಲ್ಲಿದ್ದ ಯಾವುದೋ ನರಿಯ ಕಥೆ ಹೇಳಿದೆ. ಅಮ್ಮನ ಧಾರಾವಾಹಿ ಕೊನೆಗೂ ಆ ವರ್ಷ ಮುಗಿದಿತ್ತು. ಅಷ್ಟು ವರ್ಷ ಕಾದಿದ್ದವಳು, "ಅತ್ತೆ ಸತ್ಲು. ಚೆಂದಾಗಿತ್ತು" ಅಂದಳು, ಅಷ್ಟೇ.

"ನಿಂದೇನಪ್ಪ?" ಅಂದೆ.

"ನಂದೇನೈತೆ? ಗಣಿ ಅಂದ್ಕೋ."

"ಅದು ನೋಡೋದಾ, ಓದೋದಾ?"

"ಇಪ್ಪತ್ತು ವರ್ಸ ನೋಡಿದೀನಿ ಕಣ್ಲೇ" ಅಂದವನು ತಾನೇ ತಲೆ ಅಲ್ಲಾಡಿಸಿದ. "ಊಹೂಂ, ಬ್ಯಾಡ. ಅದಿನ್ನಾ ಮುಗ್ದಿಲ್ಲ. ಲೆಕ್ಕಕ್ಕಿಲ್ಲ."

ಆಮೇಲೆ ಪದ್ಮಕ್ಕನ ಸರದಿ. ಗಾಡಿಯ ಕಥೆ ಮುಗಿದಿರಲಿಲ್ಲ, ಘಾಟಿಯ ನೆತ್ತಿಗೆ ಬಂದು ನಿಂತಿತ್ತು. ಹಾಗಾಗಿ ಬೇರೆ ಏನು ಹೇಳುತ್ತಾಳೋ ಅಂತ ಕಾದೆ. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಳು ಹಿತುಕಿದಳು.

"ನಂದು ಈ ವರ್ಸ ಇಸ್ಕೂಲು" ಅಂದಳು.

ನಾನು ಎಗರಿಬಿದ್ದೆ. "ಮೋಸ! ಇಸ್ಕೂಲು ಎಲ್ಲಿ ಮುಗೀತು? ಇನ್ನಾ ಪರೀಕ್ಷೆನೇ ಆಗಿಲ್ಲ. ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ!"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪನ ಬೆರಳುಗಳ ನಡುವೆ ಇದ್ದ ಕಾಳು ಸಿಪ್ಪೆ ಸಮೇತ ಅಪ್ಪಚ್ಚಿಯಾಯಿತು.

"ಮುಗೀತು ಕಣೇ ಸುಮಿ" ಅಂದಳು ಪದ್ಮಕ್ಕ. "ಇನ್ಮ್ಯಾಕೆ ನಾನೂ ಅಪ್ಪನ ಜೊತೆ ಬಂಗಾರಪೇಟೆಗೆ ಓಗ್ತೀನಿ. ಅಲ್ಲಿ ಬಟ್ಟೆ ಒಲಿಯೋ ಶೆಡ್ಡಲ್ಲಿ ಸೇರ್ಸ್ಕೊಂತಾರಂತೆ."

"ಒಂದೇ ವರ್ಸ ಕಣಮ್ಮ" ಅಂದ ಅಪ್ಪ, ಬೋಗುಣಿಯನ್ನೇ ನೋಡುತ್ತಾ. "ಗಣಿ ತೆಗೀಲಿ, ತಿರ್ಗಾ ಇಸ್ಕೂಲಿಗೆ ಸೇರ್ಸ್ತೀನಿ. ನನ್ನಾಣೆ."

ಪದ್ಮಕ್ಕ "ಊಂ" ಅಂದಳು. ಅವಳು ನಂಬಲಿಲ್ಲ ಅಂತ ಹತ್ತು ವರ್ಷದ ನನಗೂ ಗೊತ್ತಾಯಿತು. ಅಂದು ಮೊದಲ ಸೌಟು ಸಾರನ್ನು ಅಮ್ಮ ಅವಳ ತಟ್ಟೆಗೇ ಹಾಕಿದಳು, ತೀರ್ಪು ಕೇಳುವ ಗೋಜಿಗೇ ಹೋಗಲಿಲ್ಲ. ರೋಸಿ ಅಕ್ಕ ಹೊಸ ವರ್ಷದ ಕೇಕು ತಂದವಳು, ನಮ್ಮ ಮುಖಗಳನ್ನು ನೋಡಿ, ತಟ್ಟೆ ಹೊಸ್ತಿಲ ಹತ್ತಿರ ಇಟ್ಟು ಹಾಗೇ ಹೊರಟುಹೋದಳು.

ಸ್ಕೂಲು ಬಿಡುವ ಮೊದಲು ಪುಸ್ತಕ ವಾಪಸ್ ಕೊಡಬೇಕಿತ್ತು. ಮಾರನೆಯ ದಿನ ಅದಿನ್ನೂ ಅವಳ ಹತ್ತಿರವೇ ಇತ್ತು, ಉಳಿದದ್ದೂ ಕೆಲವೇ ಪುಟ. "ಓದೇ ಅಕ್ಕ, ಸಮುದ್ರ ಸಿಕ್ತಾ ಏಳೇ" ಅಂತ ನಾನು ಕಾಡಿ ಬೇಡಿದೆ. ಅವಳು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ, ಮೊಳೆಗೆ ನೇತುಹಾಕಿದ್ದ ಚೀಲದೊಳಗೆ ಇಟ್ಟುಬಿಟ್ಟಳು. "ಸುಮ್ಕಿರು ಸುಮಿ, ನಂಗೆ ಬ್ಯಾರೆ ಕೆಲ್ಸ ಐತೆ" ಅಂದಳು. ಬೇರೆ ಕೆಲಸ ಏನೂ ಇರಲಿಲ್ಲ. ಇಡೀ ದಿನ ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದಳು.

ಗಣಿ ತೆಗೆಯಲಿಲ್ಲ. ಅಪ್ಪ ಸಾಯುವ ತನಕ "ಇನ್ನಾ ಮುಗ್ದಿಲ್ಲ" ಅನ್ನುತ್ತಲೇ ಇದ್ದ. ಹೋದಮೇಲೆ ಆ ಮಾತು ಆಡುವವರೂ ಇಲ್ಲವಾದರು. ಅವನ ಹಿಂದೆಯೇ ಅಮ್ಮನೂ ಹೋದಳು. ಪದ್ಮಕ್ಕ ಹೊಲಿದ ಹೊಲಿಗೆಯ ದುಡ್ಡಿನಲ್ಲಿ ನಾನು ಡಿಗ್ರಿ ಮಾಡಿದೆ, ಕೋಲಾರದಲ್ಲಿ ಕೆಲಸ ಹಿಡಿದೆ. ನನ್ನ ಓದು ಮುಗಿಯಿತು, ಲೆಕ್ಕಕ್ಕೂ ಬಂತು. ಅವಳದು? ಅಪ್ಪನ ಮೇಲೆ ಸಿಟ್ಟು ಮಾಡೋಣವೆಂದರೆ ಆ ಅಪ್ಪಚ್ಚಿಯಾದ ಕಾಳು ನೆನಪಾಗುತ್ತದೆ.

ಈಗ ಡಿಸೆಂಬರ್ ಬಂತೆಂದರೆ ಆಫೀಸಿನ ಗ್ರೂಪಿನಲ್ಲಿ ಶುರು: ಈ ವರ್ಷ ನಿಮಗೆ ಹಿಡಿಸಿದ ಸರಣಿ ಯಾವುದು, ಪುಸ್ತಕ ಯಾವುದು, ಹತ್ತು ಹೇಳಿ. ಹತ್ತಂತೆ, ಹತ್ತು! ಫೋನಿನಲ್ಲಿ ನಾನು ಒಂದನ್ನಾದರೂ ನೆಟ್ಟಗೆ ಕೊನೆವರೆಗೆ ನೋಡಿದ್ದರೆ ಕೇಳಿ. ಒಂದು ಅರ್ಧಕ್ಕೆ ಬಿಟ್ಟು ಇನ್ನೊಂದು, ಅದು ಅರ್ಧಕ್ಕೆ ಬಿಟ್ಟು ಮತ್ತೊಂದು. ಹೇಳಿದರೂ "ಆಮ್ಯಾಕೆ ಏನಾಯ್ತು" ಅಂತ ಕೇಳುವವರಿಲ್ಲ, ಎಲ್ಲರೂ ಹೆಬ್ಬೆರಳ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಹಿತುಕಿದ ಬೇಳೆ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಕೈಗೆ ವಾಸನೆಯೂ ಅಂಟುವುದಿಲ್ಲ. ಕೋರಮಂಡಲ್‌ನ ನಮ್ಮ ಆ ಮನೆಗೆ ಈಗ ಚಾವಣಿಯೇ ಇಲ್ಲ. ನಾವು ಬೋಗುಣಿ ಇಟ್ಟು ಕೂರುತ್ತಿದ್ದ ಕಡೆ ಜಾಲಿ ಬೆಳೆದಿದೆ.

ಹೋದ ಡಿಸೆಂಬರಿನಲ್ಲಿ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಆ ಗಾಡಿಯ ಕಾದಂಬರಿ ಕಣ್ಣಿಗೆ ಬಿತ್ತು. ಕೊಂಡುಕೊಂಡು, ಪದ್ಮಕ್ಕನಿಗೆ ಕೊಡೋಣವೆಂದು ಬಂಗಾರಪೇಟೆಯ ಬಸ್ಸು ಹತ್ತಿದೆ. ದಾರಿಯಲ್ಲಿ ತಡೆಯಲಾಗದೆ ಕೊನೆಯ ಪುಟಗಳನ್ನು ತೆರೆದೆ. ಗಾಡಿ ಸಮುದ್ರ ಮುಟ್ಟುವುದಿಲ್ಲ. ಘಾಟಿಯ ನೆತ್ತಿಯಲ್ಲಿ ಒಂದು ಎತ್ತು ಸತ್ತು ಬೀಳುತ್ತದೆ. ಮನೆಯವರು ಗಾಡಿಯನ್ನು ಅಲ್ಲೇ ಬಿಟ್ಟು, ಉಳಿದ ಎತ್ತನ್ನು ಹಿಡಿದುಕೊಂಡು ನಡೆದು ಊರಿಗೆ ವಾಪಸಾಗುತ್ತಾರೆ. ಅಷ್ಟೇ ಕಥೆ.

ಪದ್ಮಕ್ಕ ತನ್ನ ಬಾಡಿಗೆ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ಪುಸ್ತಕ ಮುಂದೆ ಹಿಡಿದೆ. ಕನ್ನಡಕ ಸರಿಮಾಡಿಕೊಂಡು ಹೆಸರು ಓದಿದಳು. ಮುಖ ಒಂದು ಗಳಿಗೆ ಆ ಒಂಬತ್ತನೇ ಕ್ಲಾಸಿನ ಮುಖವೇ ಆಯಿತು. ರಟ್ಟಿನ ಮೇಲೆ ಕೈ ಆಡಿಸಿದಳು, ಮೂಸಿದಳು, ಆಮೇಲೆ ತೆರೆಯದೆ ವಾಪಸ್ ಕೊಟ್ಟಳು.

"ಬ್ಯಾಡ ಸುಮಿ. ತಗೊಂಡೋಗು."

"ಯಾಕಕ್ಕ? ಇನ್ನಾ ಒಸಿ ಪುಟ ಉಳ್ದಿತ್ತಲ್ಲ ನಿಂಗೆ. ಓದು."

"ಓದ್ಬಿಟ್ರೆ ಮುಗ್ದೋಗ್ತದಲ್ಲೇ. ಮುಗುದ್ರೆ ಲೆಕ್ಕಕ್ಕೆ ಬಂದ್ಬಿಡ್ತದೆ." ಅವಳು ನಕ್ಕಳು. "ಇದೊಂದಾದ್ರೂ ಇರ್ಲಿ ಬಿಡು. ರಾತ್ರಿ ಮಲಿಕ್ಕಂಡಾಗ ಆ ಗಾಡಿ ಇನ್ನಾ ಓಗ್ತಾ ಐತೆ ಅಂದ್ಕೊಂತೀನಿ ನಾನು."

ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಅವಳು ಸೂಜಿಗೆ ದಾರ ಪೋಣಿಸಲು ಹೋಗಿ ಒಮ್ಮೆ ತಪ್ಪಿ, ಮತ್ತೆ ಪೋಣಿಸಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

"ನೀನು ಓದುದ್ಯಾ?"

"ಇಲ್ಲಕ್ಕ" ಅಂದೆ.