ರಾಜರು ಬುರೈಮಿಗೆ ಹೋದಾಗ

ನಮ್ಮ ಮನೆಗೆ ಸಂವಿಧಾನ ಬಂದದ್ದು ಮಗಳ ಹೋಂವರ್ಕ್‌ನಿಂದ. ಹೊಸದಾಗಿ ಸ್ವಾತಂತ್ರ್ಯ ಪಡೆದ ಒಂದು ದೇಶ, ಅಲ್ಲಿ ರಾಜನ ಆಳ್ವಿಕೆ, ಅದಕ್ಕೆ ಮೊದಲ ಸಂವಿಧಾನ ಬರೆಯಿರಿ ಎಂದು ಶಾಲೆಯಲ್ಲಿ ಹೇಳಿದ್ದರು. ಅವಳು ದೇಶವನ್ನು ದೂರ ಹುಡುಕಬೇಕಾಗಲಿಲ್ಲ. ಭಾವನ ಸಂಸಾರದ ಜೊತೆ ಒಂದೇ ಫ್ಲ್ಯಾಟಿನಲ್ಲಿದ್ದ ನಾವು ಆಗತಾನೇ ಬೇರೆಯಾಗಿ, ಒಮಾನಿನಲ್ಲೇ ಅಲ್ ಮಬೇಲಾಕ್ಕೆ ಬಂದಿದ್ದೆವು. ರಾಜರು ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದರು.

ರಾಜರೆಂದರೆ ನನ್ನ ಗಂಡ. ಭಾನುವಾರದಿಂದ ಗುರುವಾರದವರೆಗೆ ದೂರದ ಬುರೈಮಿಯ ಸೈಟಿನಲ್ಲಿ ಕೆಲಸ, ಅಲ್ಲೇ ವಾಸ, ಹೋಗಿಬರಲು ಕಂಪನಿ ಗಾಡಿ. ನಮ್ಮ ಕಾರು ಅಷ್ಟೂ ದಿನ ಮನೆಯೆದುರು ಧೂಳು ತಿನ್ನುತ್ತಿತ್ತು. ಅಲ್ ಹೈಲ್‌ನ ಒಂದು ಕ್ಲಿನಿಕ್‌ನವರು ನನಗೆ ರಿಸೆಪ್ಷನ್ ಕೆಲಸ ಕೊಡಲು ತಯಾರಿದ್ದರು, ಆದರೆ ಬೆಳಿಗ್ಗೆ ಏಳಕ್ಕೆ ನೀವೇ ಬಂದು ಮುಟ್ಟಬೇಕು ಎಂದಿದ್ದರು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಡ್ರೈವಿಂಗ್ ಕಲಿಯುತ್ತೇನೆ ಎಂದಾಗಲೆಲ್ಲ ರಾಜಾಜ್ಞೆ ಒಂದೇ: “ನಿನಗೆ ಎಂತಕ್ಕೆ ಮಾರಾಯ್ತಿ? ನಾನಿಲ್ವಾ?”

ಇಲ್ಲವಲ್ಲ, ಅದೇ ನನ್ನ ತಕರಾರು.

“ಪಪ್ಪಾ, ಕಿಂಗ್ ಊರಲ್ಲಿ ಇಲ್ಲದಿದ್ರೆ ಹೂ ಡಿಸೈಡ್ಸ್?” ಎಂದು ಮಗಳು ಕೇಳಿದಳು. ಹಿಂದಿನ ವಾರ ನಲ್ಲಿ ಸೋರುತ್ತಿದೆ ಎಂದು ನಾನು ಸೈಟಿಗೆ ಫೋನ್ ಮಾಡಿ ಬೈಸಿಕೊಂಡಿದ್ದೆ. ರಾಜರಿಗೆ ಅದು ನೆನಪಾಗಿರಬೇಕು. “ರಾಣಿ. ಎಲ್ಲ ಅವಳೇ ನೋಡಿಕೊಳ್ಳಲಿ, ನನ್ನನ್ನು ಕೇಳುವುದೇ ಬೇಡ. ಖಲಾಸ್!” ಎಂದರು. ಮಗಳು ಬರೆದುಕೊಂಡಳು. ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದ ನಾನು ಒಲೆ ಸಣ್ಣ ಮಾಡಿ ಕೇಳಿಸಿಕೊಂಡೆ.

ಭಾನುವಾರ ರಾಜರು ಬುರೈಮಿಗೆ ಹೊರಟರು. ಸೋಮವಾರ ರಾಣಿ ಡ್ರೈವಿಂಗ್ ಕ್ಲಾಸಿಗೆ ಸೇರಿದಳು. ಪೀಪಾಯಿಗಳ ನಡುವೆ ಕಾರನ್ನು ಹಿಂದಕ್ಕೆ ತರುವ ಪರೀಕ್ಷೆಯಲ್ಲಿ ಪೀಪಾಯಿ ಉರುಳಿಸಿ ಫೇಲಾದೆ, ಮತ್ತೆ ಕಟ್ಟಿ ಪಾಸಾದೆ. ಕಲಿಸುತ್ತಿದ್ದ ಒಮಾನಿ ಟೀಚರ್ ಬೈಯಲಿಲ್ಲ, “ಯಲ್ಲಾ”, ನಡಿ ಮುಂದೆ, ಎಂದರು ಅಷ್ಟೆ.

ರಸ್ತೆ ಪರೀಕ್ಷೆಯ ಮುನ್ನಾದಿನ ಮಾತ್ರ ಧೈರ್ಯ ಸಾಲಲಿಲ್ಲ. ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಕಿರಿಯರು ಹಿರಿಯರಲ್ಲಿ ಆಶೀರ್ವಾದ ಬೇಡುವುದು ನಮ್ಮ ಕೊಂಕಣಿ ಕ್ರೈಸ್ತರ ಪದ್ಧತಿ. ರಾಜರು ಅದನ್ನು ಬುರೈಮಿಯಿಂದ ಫೋನಿನಲ್ಲೇ ನೆರವೇರಿಸುತ್ತಿದ್ದರು. “ಬೆಸಾಂವ್ ದಿ ಪಪ್ಪಾ,” ಎಂದಳು ಮಗಳು. ಮದುವೆಯಾದ ಲಾಗಾಯ್ತು ಒಮ್ಮೆಯೂ ಕೇಳದ ನಾನು, “ನನಗೂ ಕೊಡಿ, ನಾಳೆ ಪರೀಕ್ಷೆ ಉಂಟು,” ಎಂದೆ.

“ದೇವರು ಒಳ್ಳೇದು ಮಾಡಲಿ,” ಅಂದುಬಿಟ್ಟರು, ಅಭ್ಯಾಸಬಲ. ಆಮೇಲೆ, “ಎಂತ ಪರೀಕ್ಷೆ?”

ಕೊಟ್ಟ ಆಶೀರ್ವಾದವನ್ನು ವಾಪಸ್ ಪಡೆಯುವ ಪದ್ಧತಿ ನಮ್ಮಲ್ಲಿಲ್ಲ. ವಿಷಯ ಹೇಳಿದೆ.

ಪಾಸಾದೆ. ಶುಕ್ರವಾರ ಇಗರ್ಜಿಗೆ ನಾನೇ ಕಾರು ಓಡಿಸಿದೆ. ಪಕ್ಕದಲ್ಲಿ ಕುಳಿತ ರಾಜರು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. “ಕಿಂಗ್ ಈಸ್ ಹಿಯರ್, ಈಗ ಮಮ್ಮಿಗೆ ಪವರ್ ಇಲ್ಲ,” ಎಂದು ಹಿಂದಿನ ಸೀಟಿನಿಂದ ಮಗಳ ಆಕ್ಷೇಪ. ನಾನು ನಕ್ಕೆ, ಅವರು ನಗಲಿಲ್ಲ.

ಸಿಗ್ನಲ್‌ನಲ್ಲಿ ನಿಂತಾಗ ಮೆಲ್ಲಗೆ ಹೇಳಿದರು: “ಗುರುವಾರ ನಾನು ಬರುವಾಗ ನೀವಿಬ್ಬರೂ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಿರ್ತಿದ್ರಿ, ಎಲ್ಲಿಗಾದರೂ ಕರ್ಕೊಂಡು ಹೋಗಿ ಅಂತ. ಇನ್ನು ಯಾರು ನಿಲ್ತಾರೆ?”

ನನಗೆ ನಿಜಕ್ಕೂ ಪಾಪ ಅನ್ನಿಸಿತು, ಕಣ್ಣು ಮಂಜಾಯಿತು. ಹಸಿರು ಬಿತ್ತು, ಹಿಂದಿನವನು ಹಾರ್ನ್ ಹೊಡೆದ.

“ನಾನೇ ನಿಲ್ತೇನೆ,” ಎಂದು ಗೇರ್ ಹಾಕಿದೆ. “ಕ್ಲಿನಿಕ್‌ನ ಡ್ಯೂಟಿ ಮುಗಿಸಿ ಬಂದು.”